ನಿನ್ನ ವರ್ಷ ಬೇರೆ, ನನ್ನ ವರ್ಷ ಬೇರೆ

ಹೊಸ ವರ್ಷ ಬೇರೆಯವರ ಮನೆಗೆ ವರ್ಷಕ್ಕೊಮ್ಮೆ ಬರುತ್ತದೆ. ನಮ್ಮ ಮನೆಗೆ ಪಕ್ಕದ ಬೀದಿಗೆ ಕೊಟ್ಟ ಮಗಳ ಹಾಗೆ ಬಂದು ಬಂದು ಹೋಗುತ್ತದೆ. ಜನವರಿ ಒಂದಕ್ಕೆ ಮಕ್ಕಳಿಗೋಸ್ಕರ ಒಂದು, ನಮ್ಮದೇ ಆದ ಯುಗಾದಿ ಒಂದು, ಊರಿನ ತಮಿಳರಿಗೆಲ್ಲ ಆಗುವ ಚಿತ್ತಿರೈ ತಿಂಗಳ ಮೊದಲ ದಿನ ಒಂದು, ಸಾಲದ್ದಕ್ಕೆ ನಮ್ಮ ಯಜಮಾನರು ಕೆಲಸ ಮಾಡುವ ಗಾಂಧಿಪುರಂ ಜವಳಿ ಅಂಗಡಿಯಲ್ಲಿ ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿ ಇನ್ನೊಂದು. ಇಷ್ಟು ಸಲ ವರ್ಷ ಹುಟ್ಟುವ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗದೆ ಇರುತ್ತದೆಯೇ? ಆಗುತ್ತಲೇ ಇರುತ್ತದೆ.

ನಾವು ನೇಯುವ ಮಂದಿ. ಯಾವ ಕಾಲದಲ್ಲೋ ಘಟ್ಟ ಇಳಿದು ಬಂದು ಕೊಯಮತ್ತೂರು ಸೀಮೆಯಲ್ಲಿ ಮಗ್ಗ ಹೂಡಿದವರು. ಈಗ ಮಗ್ಗ ಹೋಗಿದೆ, ಮನೆಯೊಳಗಿನ ಕನ್ನಡ ಮಾತ್ರ ಅರ್ಧ ತಮಿಳು ಬೆರೆಸಿಕೊಂಡು ಉಳಿದಿದೆ. ನಾನು ಉಡುಮಲೈಪೇಟೆಯಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು. ನಮ್ಮವರಲ್ಲಿ ಕನ್ನಡ ಆಡುವವರು ಬಹಳ, ಓದುವವರು ಕಡಿಮೆ. ನಾನು ಅಕ್ಷರ ಕಲಿತದ್ದೇ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಹಾಸನದ ಟೀಚರಮ್ಮನ ಹತ್ತಿರ. ಆದ್ದರಿಂದ ಇದರಲ್ಲಿ ತಪ್ಪು ಕಂಡರೆ ದಯವಿಟ್ಟು ಅವರನ್ನೇ ಕೇಳಿ.

ಇನ್ನು ಮುಖ್ಯವಾದವರು ಇಬ್ಬರು. ಒಬ್ಬರು ನಮ್ಮ ಅತ್ತೆ. ಇನ್ನೊಬ್ಬರು ಪಕ್ಕದ ಮನೆಯ ಅಜ್ಜಿ, ಬೀದಿಯ ಮಕ್ಕಳಿಗೆಲ್ಲ ಪಾಟಿ. ಎರಡು ಮನೆಗೂ ನಡುವೆ ಒಂದೇ ಗೋಡೆ, ಹಿತ್ತಲಿನಲ್ಲಿ ಆ ಗೋಡೆಗೆ ಒಂದು ಸಣ್ಣ ಬಾಗಿಲು. ಅತ್ತೆ ಕನ್ನಡದಲ್ಲಿ ಹೇಳುತ್ತಾರೆ, ಪಾಟಿ ತಮಿಳಿನಲ್ಲಿ ಉತ್ತರ ಕೊಡುತ್ತಾರೆ, ನಲವತ್ತು ವರ್ಷದಿಂದ ಇಬ್ಬರಿಗೂ ಇದರಲ್ಲಿ ಏನೂ ವಿಶೇಷ ಕಂಡಿಲ್ಲ. ಪಾಟಿ ಇವರನ್ನು 'ಅಕ್ಕಾ' ಅನ್ನುತ್ತಾರೆ, ಇವರು ಅವರನ್ನು 'ತಂಗಚ್ಚಿ' ಅನ್ನುತ್ತಾರೆ. ನಾನು ಇಬ್ಬರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ.

ಅತ್ತೆಯದು ಒಂದು ಶಾಸ್ತ್ರವಿದೆ: ವರ್ಷದ ಮೊದಲ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ. ಅವತ್ತು ಅತ್ತರೆ ವರ್ಷವೆಲ್ಲ ಅಳು, ನಕ್ಕರೆ ವರ್ಷವೆಲ್ಲ ನಗು. ಈ ಒಂದು ಶಾಸ್ತ್ರವೇ ನಮ್ಮ ಮನೆಯ ಎಲ್ಲ ಎಡವಟ್ಟಿನ ತಾಯಿಬೇರು.

ರಂಗೋಲಿಯ ಇಂಗ್ಲೀಷು

ಜನವರಿ ಒಂದರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಮನೆಮನೆಯ ಮುಂದೆಯೂ ದೊಡ್ಡ ದೊಡ್ಡ ಬಣ್ಣದ ರಂಗೋಲಿ, ನಡುವೆ ಇಂಗ್ಲೀಷಿನಲ್ಲಿ ಹ್ಯಾಪಿ ನ್ಯೂ ಇಯರ್. ನಮ್ಮ ಎರಡು ಮನೆಗೂ ಸೇರಿ ಅತ್ತೆ, ಪಾಟಿ ಒಂದೇ ರಂಗೋಲಿ ಹಾಕುವುದು ವಾಡಿಕೆ. ಇಂಗ್ಲೀಷು ಬರೆಯುವ ಕೆಲಸ ನನ್ನ ಮಗಳದು. ಒಂದು ವರ್ಷ ಅವಳು ಎಷ್ಟು ಕರೆದರೂ ಏಳಲಿಲ್ಲ.

"ಅವಳು ಯಾತಕ್ಕೆ? ಮಗ ತಂದ ಬ್ಯಾಗಿನ ಮೇಲೆ ಇಂಗ್ಲೀಷು ಇದೆಯಲ್ಲ, ನೋಡ್ಕೊಂಡು ಬರೆದ್ರಾಯ್ತು" ಅಂದರು ಅತ್ತೆ. ಯಜಮಾನರು ಅಂಗಡಿಯಿಂದ ತಂದ ಚೀಲ ಮೊಳೆಗೆ ನೇತಾಡುತ್ತಿತ್ತು. ಇಬ್ಬರೂ ಅದನ್ನು ಮುಂದಿಟ್ಟುಕೊಂಡು, ಒಬ್ಬರು ಅಕ್ಷರ ಎಳೆದು, ಇನ್ನೊಬ್ಬರು ಕೆಂಪು ತುಂಬಿ, ಸುತ್ತ ಹೂಬಳ್ಳಿ ಬಿಟ್ಟು ಮುಗಿಸಿದರು. ಬೀದಿಯಲ್ಲೇ ಅಷ್ಟು ಚೆಂದದ ಅಕ್ಷರ ಇನ್ನೊಂದು ಮನೆಯ ಮುಂದೆ ಇರಲಿಲ್ಲ.

ಹೊತ್ತೇರುವುದರೊಳಗೆ ಹಿಂದಿನ ಬೀದಿಯ ಮೂವರು ಹೆಂಗಸರು ಬಾಗಿಲಿಗೆ ಬಂದು ನಿಂತರು. "ಸೀರೆ ಯಾವ ರೂಮಿನಲ್ಲಿ ಇಟ್ಟಿದ್ದೀರಿ?" ಅಂತ ಕೇಳಿದರು. ನನಗೆ ಅರ್ಥವಾಗದೆ ಹೊರಗೆ ಹೋಗಿ ನೋಡಿದೆ. ಬಾಗಿಲ ಮುಂದೆ ಹೂಬಳ್ಳಿಯ ನಡುವೆ ದೊಡ್ಡದಾಗಿ 'ಸ್ಟಾಕ್ ಕ್ಲಿಯರೆನ್ಸ್ ಸೇಲ್' ಅಂತ ಬರೆದಿತ್ತು.

ನಾನು ನಗುತ್ತಾ ಅರ್ಥ ಹೇಳಿದೆ. ಪಾಟಿ ನಾಚಿಕೆಯಿಂದ ಸೆರಗು ಬಾಯಿಗೆ ಇಟ್ಟುಕೊಂಡರು. ಅತ್ತೆ ಮಾತ್ರ ಅಲುಗಲಿಲ್ಲ.

"ಇರೋ ಹಳೇದೆಲ್ಲ ಖಾಲಿ ಮಾಡ್ತೀವಿ ಅಂತ ತಾನೆ? ಹೊಸ ವರ್ಷಕ್ಕೆ ಇದಕ್ಕಿಂತ ಸರಿಯಾದ ಮಾತು ಇನ್ನೇನಿದೆ?"

ಕೂತರೆ ಕೂತ ವರ್ಷ

ಯಜಮಾನರದು ಸೀರೆ ವಿಭಾಗ. ಬೆಳಿಗ್ಗೆ ನಿಂತರೆ ರಾತ್ರಿವರೆಗೆ ನಿಂತೇ ಇರಬೇಕು. ಗಿರಾಕಿ ಕೂರುತ್ತಾರೆ, ಸೀರೆ ಕೂರುತ್ತದೆ, ತೋರಿಸುವವನು ಮಾತ್ರ ನಿಲ್ಲಬೇಕು. ಮನೆಗೆ ಬಂದರೆ ಕಾಲಿನ ನರಗಳೆಲ್ಲ ಉಬ್ಬಿರುತ್ತಿದ್ದವು. ಅತ್ತೆ ಹರಳೆಣ್ಣೆ ಬಿಸಿ ಮಾಡಿ ಮಗನ ಕಾಲಿಗೆ ನೀವುತ್ತಿದ್ದರು. ನೀವುತ್ತಾ ನೀವುತ್ತಾ ಒಂದು ಸಲ ಅವರಿಗೆ ಶಾಸ್ತ್ರ ಜ್ಞಾಪಕಕ್ಕೆ ಬಂತು.

ಆ ಯುಗಾದಿಯ ಬೆಳಿಗ್ಗೆ ಎಣ್ಣೆಸ್ನಾನ, ಹೊಸ ಅಂಗಿ, ಬೇವು ಬೆಲ್ಲ ಎಲ್ಲ ಆದ ಮೇಲೆ ಮಗನಿಗೆ ಅಪ್ಪಣೆಯಾಯಿತು. "ಇವತ್ತು ನೀನು ನಿಲ್ಲಬಾರದು. ಇವತ್ತು ಕೂತರೆ ವರ್ಷವೆಲ್ಲ ಕೂತಿರ್ತೀಯ. ಅಪ್ಪುರ ನಾನು ಹೇಳ್ಲಿಲ್ಲ ಅನ್ಬೇಡ."

ಸರ್ಕಾರಕ್ಕೆ ರಜವಿದ್ದರೂ ಅಂಗಡಿಗೆ ಯುಗಾದಿಯ ರಜವಿಲ್ಲ. ಯಜಮಾನರು ಹೋದರು, ಗಿರಾಕಿಗಳ ಸ್ಟೂಲು ಎಳೆದುಕೊಂಡರು, ಕೂತರು. ಮಹಡಿ ನೋಡಿಕೊಳ್ಳುವ ಸೂಪರ್‌ವೈಸರ್ ಬಂದು "ಏನಪ್ಪಾ, ಮೈಗೆ ಹುಷಾರಿಲ್ಲವಾ?" ಅಂತ ಕೇಳಿದರಂತೆ. "ಇಲ್ಲ ಸಾರ್, ಇವತ್ತು ನಮ್ಮ ಹೊಸ ವರ್ಷ, ಅಮ್ಮ ಕೂರೋಕೆ ಹೇಳಿದ್ದಾರೆ" ಅಂತ ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಆಮೇಲೆ ಸೂಪರ್‌ವೈಸರ್ ಏನು ಹೇಳಿದರು ಅನ್ನುವುದನ್ನು ಅವರು ನನಗೂ ಪೂರ್ತಿ ಹೇಳಿಲ್ಲ. ಗಿರಾಕಿಗಳು ಸೀರೆ ಬಿಟ್ಟು ಅದನ್ನೇ ಕೇಳುತ್ತಾ ನಿಂತಿದ್ದರಂತೆ.

ಅತ್ತೆಯ ಶಾಸ್ತ್ರ ಸುಳ್ಳಾಗಲಿಲ್ಲ. ಆ ವರ್ಷವೆಲ್ಲ ನಮ್ಮ ಯಜಮಾನರು ಬೈಸಿಕೊಂಡೇ ಕಳೆದರು.

ಸೂರ್ಯನ ಕಡೆಯವರು, ಚಂದ್ರನ ಕಡೆಯವರು

ಹಾಸನದ ಟೀಚರಮ್ಮ ಬಂದ ಹೊಸದು. ಹಬ್ಬದ ದಿನ ಒಬ್ಬಟ್ಟು ತಿನ್ನಲು ಕರೆದಿದ್ದೆವು. ಪಾಟಿಯೂ ಇದ್ದರು. ಟೀಚರಮ್ಮ ಅತ್ತೆಯನ್ನು ಕೇಳಿದರು: "ನಿಮ್ಮ ಪೂರ್ವಜರು ಇಲ್ಲಿಗೆ ವಲಸೆ ಬಂದ ಮೇಲೂ ಯುಗಾದಿಯನ್ನು ಹೇಗೆ ಉಳಿಸಿಕೊಂಡು ಬಂದಿರಿ?"

ಅತ್ತೆ ನನ್ನ ಕಿವಿಯಲ್ಲಿ "ಇವಳು ಯಾಕಮ್ಮಾ ರೇಡಿಯೋ ಹಂಗೆ ಮಾತಾಡ್ತಾಳೆ?" ಅಂದರು. ಆಮೇಲೆ ಕಾಲು ನೀಡಿಕೊಂಡು ಚರಿತ್ರೆ ಶುರು ಮಾಡಿದರು. ನಮ್ಮವರು ಊರು ಬಿಟ್ಟಾಗ ಎತ್ತಿನ ಮೇಲೆ ಮಗ್ಗ, ಬುಟ್ಟಿಯಲ್ಲಿ ದೇವಿ, ಒಬ್ಬ ಮುದುಕಿಯ ತುರುಬಿನಲ್ಲಿ ಒಂದು ಬೇವಿನ ಕಡ್ಡಿ. 'ಹಾದಿಯಲ್ಲಿ ಏನು ಹೋದರೂ ಹೋಗಲಿ, ಯುಗಾದಿ ಹೋಗಬಾರದು' ಅಂದಳಂತೆ ಮುದುಕಿ.

"ಬೇವಿನ ಕಡ್ಡಿಯಾ? ಇಲ್ಲಿ ಕಾಲಿಟ್ಟ ಕಡೆ ಬೇವಿನ ಮರ. ಅವಳು ಅಷ್ಟು ದೂರ ತಲೆಯಲ್ಲಿ ಹೊತ್ತು ತರಬೇಕಾಗಿತ್ತಾ? ಬೆಲ್ಲ ತಂದಿದ್ದರೆ ಉಪಯೋಗವಾಗುತ್ತಿತ್ತು" ಅಂದರು ಪಾಟಿ.

"ನಿಮ್ಮ ವರ್ಷ ಯಾಕೆ ತಡವಾಗಿ ಬರುತ್ತೆ, ಅದ ಮೊದ್ಲು ಹೇಳು" ಅಂದರು ಅತ್ತೆ.

"ತಡ ಏನು? ನಾವು ಸೂರ್ಯನ ಕಡೆಯವರು. ಸೂರ್ಯ ಒಂದು ದಿನ ಲೀವ್ ಹಾಕುವುದಿಲ್ಲ, ಅದಕ್ಕೇ ನಮ್ಮ ಹಬ್ಬ ಸರಿಯಾಗಿ ಅದೇ ಹೊತ್ತಿಗೆ ಬರುತ್ತೆ. ನಿಮ್ಮದು ಚಂದ್ರನ ಲೆಕ್ಕ. ಅವನು ತಿಂಗಳಿಗೊಂದು ದಿನ ರಜ. ಅದಕ್ಕೇ ನಿಮ್ಮ ಹಬ್ಬ ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ."

"ರಜ ಹಾಕಿದ್ರೂ ನಮ್ಮೋನು ತಂಪು" ಅಂದರು ಅತ್ತೆ. "ನಿಮ್ಮೋನು ಬಂದು ನಿಂತ್ರೆ ಹಬ್ಬಕ್ಕೆ ಕರೆಯೋಕೂ ಯಾರೂ ಬೀದಿಗೆ ಇಳಿಯಲ್ಲ."

ಚರಿತ್ರೆ ಕೇಳಲು ಬಂದ ಟೀಚರಮ್ಮ ವಿಜ್ಞಾನದ ಪಾಠ ಕೇಳಿಕೊಂಡು ಮಹಡಿ ಹತ್ತಿದರು.

ಹೀಗೆ ಕಿತ್ತಾಡಿದರೂ ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಯುಗಾದಿಯ ಮೊದಲ ಬೇವು ಬೆಲ್ಲ ಪಾಟಿಗೆ. ಬೇವಿನ ಮರ ಅವರ ಹಿತ್ತಲಿನದು, ಕೊಂಬೆ ನಮ್ಮ ಕಡೆಗೆ ಚಾಚಿದೆ, ಹೂವನ್ನು ಅತ್ತೆ ಕೇಳದೆ ಕೀಳುವುದು ವಾಡಿಕೆ. ಅದಕ್ಕೆ ಬದಲಾಗಿ ಚಿತ್ತಿರೈ ಮೊದಲ ದಿನ ಪಾಟಿಯ ಮನೆಯ 'ಕಣಿ' ಅತ್ತೆಗೆ. ಪಾಟಿ ಪಾಲಕ್ಕಾಡಿನ ಗಡಿಯ ಕಡೆಯಿಂದ ಬಂದವರು. ಹಿಂದಿನ ದಿನವೇ ದೇವರ ಮುಂದೆ ತಟ್ಟೆಯಲ್ಲಿ ಮಾವು, ಬಾಳೆ, ಹಲಸು, ಹಳದಿ ಕಕ್ಕೆ ಹೂವು, ಒಂದು ಚಿನ್ನದ ಸರ, ಹಿಂದೆ ಒಂದು ಕನ್ನಡಿ ಇಡುತ್ತಾರೆ. ಬೆಳಿಗ್ಗೆ ಎದ್ದವರು ಕಣ್ಣು ಮುಚ್ಚಿಕೊಂಡೇ ಬಂದು ಅದರ ಮುಂದೆ ಕೂತು ಕಣ್ಣು ಬಿಡಬೇಕು. ವರ್ಷದ ಮೊದಲ ನೋಟ ಅದೇ ಆಗಬೇಕು. ಮೊದಲ ದಿನದ ಶಾಸ್ತ್ರಕ್ಕೆ ಇದು ಸರಿಯಾಗಿ ಹೊಂದುವುದರಿಂದ ಅತ್ತೆ ಪ್ರತಿ ವರ್ಷವೂ ಕಣ್ಣು ಮುಚ್ಚಿಕೊಂಡು ಹಿತ್ತಲ ಬಾಗಿಲಿನಿಂದ ಪಾಟಿಯ ಮನೆಗೆ ಹೋಗುತ್ತಿದ್ದರು.

ಒಂದು ಕೊಂಬೆ ಹೂವು

ಒಂದು ವರ್ಷ ಬೇವಿನ ಮರಕ್ಕೆ ಏನೋ ರೋಗ ಬಂತು. ನಮ್ಮ ಕಡೆಯ ಬೇವಿನ ಮರಗಳೆಲ್ಲ ಬೆಂಕಿ ಬಿದ್ದ ಹಾಗೆ ಒಣಗಿ ನಿಂತವು. ಪಾಟಿಯ ಮರದಲ್ಲಿ ಒಂದೇ ಒಂದು ಕೊಂಬೆ ಹೂಬಿಟ್ಟಿತ್ತು. ಪಾಟಿ ಅದರ ಹೂವನ್ನು ಚಿತ್ತಿರೈ ಹಬ್ಬದ ಮಾವಿನಕಾಯಿ ಬೆಲ್ಲದ ಪಚಡಿಗೆ ಹಾಕಲು ಅಂತ ಕಾದಿಟ್ಟಿದ್ದರು. ಯುಗಾದಿ ಮೊದಲು ಬಂತು. ಅತ್ತೆ ಎಂದಿನಂತೆ ಎದ್ದರು, ಎಂದಿನಂತೆ ಕೇಳದೆ ಕಿತ್ತರು.

"ಒಂದು ಮಾತು ಕೇಳಬಾರದಾಗಿತ್ತಾ? ನಿನ್ನ ವರ್ಷಕ್ಕೆ ಅಂತ ನನ್ನ ವರ್ಷ ಕಿತ್ತುಕೊಂಡೆಯಲ್ಲ!" ಅಂದರು ಪಾಟಿ ಗೋಡೆಯ ಆಚೆಯಿಂದ.

"ನಲವತ್ತು ವರ್ಷ ಕೇಳ್ದೆ ಕಿತ್ತಿದೀನಿ, ಇವತ್ತೇನು ಹೊಸ ರೂಲು?"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪಾಟಿ ಒಂದು ಮಾತು ಅಂದುಬಿಟ್ಟರು. "ನಿಮ್ಮ ಹಬ್ಬಕ್ಕೆ ಬೇಕಾದ್ದನ್ನ ನಿಮ್ಮ ಮೈಸೂರಿನಿಂದಲೇ ತರಿಸಿಕೊ, ಹೋಗು!"

ನಮ್ಮ ಅತ್ತೆ ಮೈಸೂರು ನೋಡಿಯೇ ಇಲ್ಲ. ಅವರು ಹುಟ್ಟಿದ್ದು ಇದೇ ಬೀದಿಯಲ್ಲಿ, ಸೋದರಮಾವನ ಮಗನನ್ನು ಕಟ್ಟಿಕೊಂಡು ಇದೇ ಬೀದಿಯಲ್ಲಿ ಉಳಿದವರು. ಬೇರೆ ಕಡೆಯಿಂದ ಬಂದವರು ಅಂದರೆ ಪಾಟಿಯೇ. ಯಾವತ್ತೂ ಮಾತಿಗೆ ಸೋಲದ ಅತ್ತೆಯ ಕಣ್ಣಲ್ಲಿ ನೀರು ಬಂತು. "ನಾನು ಹುಟ್ಟಿದ ಬೀದಿಲಿ ನಿಂತ್ಕೊಂಡು ನನ್ನ ಯಾವೂರೋಳು ಅಂತೀಯಾ?" ಅಂದವರೇ ಒಳಗೆ ಬಂದುಬಿಟ್ಟರು. ಪಾಟಿಗೂ ಆಡಿದ ಮಾತು ತನಗೇ ಚುಚ್ಚಿರಬೇಕು, ಅಲ್ಲೇ ನಿಂತಿದ್ದರು. ಬಾಯಿಂದ ಬಿದ್ದ ಮಾತನ್ನು ಮರಕ್ಕೆ ಮತ್ತೆ ಅಂಟಿಸುವುದು ಹೇಗೆ?

ಅತ್ತೆ ಒಳಗೆ ಬಂದು ತೀರ್ಪು ಕೊಟ್ಟರು. "ಯುಗಾದಿ ದಿನ ಆದ ಜಗಳ. ಇನ್ನು ಬರೋ ಯುಗಾದಿವರೆಗೂ ಮಾತಿಲ್ಲ. ನಾನು ಬೇಡ ಅಂದ್ರೂ ಆಗಲ್ಲ. ಶಾಸ್ತ್ರ."

ಆಮೇಲೆ ಬೇವು ಬೆಲ್ಲ ಹಂಚಿದರು. ಯಜಮಾನರು ಬಾಯಿಗೆ ಹಾಕಿಕೊಂಡು ಕಣ್ಣು ದೊಡ್ಡದು ಮಾಡಿದರು. ನಾನೂ ಹಾಕಿಕೊಂಡೆ. ಬರೀ ಬೇವು. ಸಿಟ್ಟಿನಲ್ಲಿ ಬೆಲ್ಲ ಹಾಕುವುದನ್ನೇ ಮರೆತಿದ್ದರು.

"ಹೆಂಗಿದೆ?" ಅಂತ ಅತ್ತೆ ಮಗನನ್ನು ಕೇಳಿದರು. ಯಜಮಾನರು ಹೇಗೋ ನುಂಗಿ, ಅಮ್ಮನ ಮುಖ ನೋಡಿ, "ಹೂವು ಬಹಳ ಒಳ್ಳೇದಮ್ಮಾ" ಅಂದರು.

ಹೋದ ವರ್ಷದ ಜಗಳ

ಚಿತ್ತಿರೈ ಮೊದಲ ದಿನ ಬಂತು. ಬೆಳಿಗ್ಗೆಯೇ ಪಾಟಿ ತಲೆಗೆ ಮಲ್ಲಿಗೆ ಮುಡಿದು, ಕೈಯಲ್ಲಿ ಪಚಡಿಯ ಬಟ್ಟಲು ಹಿಡಿದು, ಏನೂ ನಡೆದೇ ಇಲ್ಲ ಅನ್ನುವ ಹಾಗೆ ನಮ್ಮ ಬಾಗಿಲಿಗೆ ಬಂದರು.

"ಅಕ್ಕಾ, ಬಾ. ಕಣಿ ಇಟ್ಟಿದ್ದೀನಿ. ಜಗಳ ಆದದ್ದು ಹೋದ ವರ್ಷ. ಇವತ್ತಿನಿಂದ ಹೊಸ ವರ್ಷ. ಹಳೇದನ್ನ ಯಾಕೆ ಎಳೆದಾಡೋದು?"

ಅತ್ತೆ ನನ್ನ ಕಡೆ ತಿರುಗಿದರು. "ಅವಳಿಗೆ ಹೇಳಮ್ಮಾ, ಅವಳ ಲೆಕ್ಕಕ್ಕೆ ಹೋದ ವರ್ಷ. ನನ್ನ ಲೆಕ್ಕಕ್ಕೆ ಈ ವರ್ಷ. ಆ ಜಗಳ ನಡೆದದ್ದು ನನ್ನ ಹೊಸ ವರ್ಷದ ಮೊದಲ್ನೇ ದಿನ. ನಂದು ಇನ್ನೂ ಶುರುವಾಗಿದೆ ಅಷ್ಟೆ."

ಪಾಟಿಯ ಮುಖ ಕೆಂಪಾಯಿತು. "ಹಾಗಾ? ನನ್ನ ವರ್ಷದ ಮೊದಲ ದಿನ ಬಾಗಿಲಿಗೆ ಬಂದವಳನ್ನ ವಾಪಸ್ ಕಳಿಸ್ತೀಯಾ? ಹಾಗಾದರೆ ಇವತ್ತಿನಿಂದ ನನ್ನದೂ ಶುರು. ಮುಂದಿನ ಚಿತ್ತಿರೈ ಬರಲಿ, ಆಮೇಲೆ ನೋಡೋಣ."

ಬಟ್ಟಲನ್ನು ಜಗಲಿಯ ಮೇಲೆ ಕುಕ್ಕಿ ಹೋದರು. ಇಬ್ಬರೂ ಹೇಳಿದ್ದು ತಪ್ಪಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಸೂರ್ಯನನ್ನೂ ಚಂದ್ರನನ್ನೂ ಕೂರಿಸಿ ಪಂಚಾಯ್ತಿ ಮಾಡುವವರು ಯಾರು? ಯಜಮಾನರು ಮಾತ್ರ ಬಟ್ಟಲು ಎತ್ತಿಕೊಂಡು ಬೆರಳು ನೆಕ್ಕುತ್ತಾ ಅಂದರು: "ವರ್ಷ ಯಾರದ್ದಾದರೇನು, ಇದರಲ್ಲಿ ಬೆಲ್ಲ ಇದೆ."

ಬಟ್ಟಲು ಮಾತಾಡಿದ ವರ್ಷ

ಆ ಬಟ್ಟಲಿನಿಂದ ಒಂದು ತೊಂದರೆಯಾಯಿತು. ನೆರೆಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದು, ಅದೂ ಶಾಸ್ತ್ರ. ಅತ್ತೆ ಅದರಲ್ಲಿ ನನ್ನ ತವರಿನಿಂದ ಬಂದ ಕಡಲೆಕಾಯಿ ಬೇಯಿಸಿ ತುಂಬಿ ಗೋಡೆಯ ಮೇಲೆ ಇಡಿಸಿದರು. ಖಾಲಿ ಕಳಿಸಬಾರದೆಂಬ ಶಾಸ್ತ್ರ ಪಾಟಿಯ ಮನೆಯಲ್ಲೂ ಇತ್ತು. ಕಡಲೆಕಾಯಿ ಹೋದ ಬಟ್ಟಲು ವಡೆಯೊಂದಿಗೆ ಬಂತು. ವಡೆ ಬಂದದ್ದು ಉಪ್ಪಿನಕಾಯಿಯೊಂದಿಗೆ ಹೋಯಿತು. ಮಾತು ನಿಂತಿತ್ತು, ಬಟ್ಟಲು ನಿಲ್ಲಲಿಲ್ಲ. ಅದನ್ನು ಒಮ್ಮೆ ತಮ್ಮ ಬಳಿಯೇ ಇಟ್ಟುಕೊಂಡರೆ ಮುಗಿಯುತ್ತಿತ್ತು. ಇಬ್ಬರೂ ಇಟ್ಟುಕೊಳ್ಳಲಿಲ್ಲ.

ಹೇಳಬೇಕಾದ ಸುದ್ದಿಯನ್ನು ಅತ್ತೆ ಬಟ್ಟೆ ಒಣಹಾಕುವ ಹಗ್ಗಕ್ಕೆ ಹೇಳುತ್ತಿದ್ದರು. "ನಾಳೆ ನೀರು ಬಿಡಲ್ವಂತೆ, ತುಂಬಿಸಿ ಇಟ್ಕೋಬೇಕು." ಆಚೆ ಕಡೆ ಪಾಟಿ ಕಾಗೆಗೆ ಉತ್ತರ ಕೊಡುತ್ತಿದ್ದರು. "ನಮಗೂ ಗೊತ್ತು, ಹೋಗು." ಜನವರಿ ಒಂದಕ್ಕೆ ನಡುವೆ ಒಂದು ಗೆರೆ ಎಳೆದು ಅವರವರ ಮುಂದೆ ಅವರವರೇ ರಂಗೋಲಿ ಹಾಕಿದರು. ನಲವತ್ತು ವರ್ಷದ ಅಭ್ಯಾಸದ ಕೈ. ಅತ್ತೆಯದು ಎಡಭಾಗದ ಅರ್ಧ ತಾವರೆ, ಪಾಟಿಯದು ಬಲಭಾಗದ ಅರ್ಧ ತಾವರೆ. ಗೆರೆಯ ಮೇಲೆ ಎರಡೂ ಸರಿಯಾಗಿ ಕೂಡಿಕೊಂಡು ಒಂದೇ ಹೂವಾಗಿ ನಿಂತಿತ್ತು.

ಆಮೇಲೆ ನಗು ಬಾರದ ಒಂದು ಸುದ್ದಿ ಬಂತು. ಪಾಟಿಯ ಮಗನ ಲೇತ್ ವರ್ಕ್‌ಶಾಪು ಬಸ್ಸಿನಲ್ಲಿ ಒಂದು ಗಂಟೆ ದೂರದ ಕಿಣತ್ತುಕಡವಿಗೆ ಹೋಗಿತ್ತು. ಅಲ್ಲೇ ಹೈವೇ ಪಕ್ಕ ಮನೆಯನ್ನೂ ಕಟ್ಟಿದ್ದರು. ಚಿತ್ತಿರೈ ಹಬ್ಬ ಮುಗಿಸಿಕೊಂಡು ಎಲ್ಲರೂ ಅಲ್ಲಿಗೆ. ಪಾಟಿಯ ಸೊಸೆ ಇದನ್ನು ಗೋಡೆಯ ಹತ್ತಿರ ನನಗೆ ಗುಟ್ಟಾಗಿ ಹೇಳಿ ಮೂಗು ಒರೆಸಿಕೊಂಡಳು. ನಮ್ಮಿಬ್ಬರಿಗೇನೂ ಜಗಳವಿರಲಿಲ್ಲ. ಅತ್ತೆಯರಿಗೆ ಹೆದರಿ ನಾವೂ ಮಾತು ಬಿಟ್ಟ ಹಾಗೆ ನಟಿಸುತ್ತಿದ್ದೆವು.

ನಾನು ಅತ್ತೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರ ಹಿಡಿದ ಕೈ ನಿಂತಿತು. "ಹೋಗ್ಲಿ ಬಿಡು. ಅಲ್ಲಿ ಗಾಳಿ ಚೆನ್ನಾಗಿರುತ್ತೆ" ಅಂದರು. ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು. ಪಾಟಿ ಮಾತಿಲ್ಲದೆ ಹೊರಟುಹೋದರೆ ಅತ್ತೆ ಅದನ್ನು ಉಳಿದ ಕಾಲವೆಲ್ಲ ಒಳಗೇ ಇಟ್ಟುಕೊಂಡು ಕೊರಗುತ್ತಾರೆ ಅಂತ ನನಗೆ ಭಯವಾಗಿತ್ತು. ಬಟ್ಟಲನ್ನು ಕಿಣತ್ತುಕಡವಿನವರೆಗೆ ಕಳಿಸಲು ಆಗುತ್ತದೆಯೇ?

ಅವಳ ವರ್ಷ ಇನ್ನೂ ಬಾಕಿ

ಮತ್ತೆ ಯುಗಾದಿ. ಬೇವಿನ ಮರ ಚೇತರಿಸಿಕೊಂಡು ತುಂಬ ಹೂಬಿಟ್ಟಿತ್ತು. ಅತ್ತೆ ಈ ಸಲ ಕೀಳಲಿಲ್ಲ. ಮಾರುಕಟ್ಟೆಯಿಂದ ತರಲು ಮಗನಿಗೆ ಹೇಳಿದ್ದರು. ಬೆಳಿಗ್ಗೆ ನೋಡಿದರೆ ಗೋಡೆಯ ಮೇಲೆ, ಬಟ್ಟಲು ಇಡುವ ಜಾಗದಲ್ಲೇ, ಹೂವಿದ್ದ ಒಂದು ದೊಡ್ಡ ಕೊಂಬೆ.

ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. ಅವರ ಲೆಕ್ಕಕ್ಕೆ ಜಗಳದ ವರ್ಷ ತೀರಿತ್ತು. ಬೆಲ್ಲ ಧಾರಾಳವಾಗಿ ಹಾಕಿದರು, ಹೊಸ ಸೀರೆ ಉಟ್ಟರು, ಬೇವು ಬೆಲ್ಲದ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಹೋಗಿ ನಿಂತು, ಒಂದು ವರ್ಷದ ಮೇಲೆ ಮೊದಲ ಸಲ "ತಂಗಚ್ಚೀ" ಅಂದರು.

ಪಾಟಿ ಬಾಗಿಲಿಗೆ ಬಂದರು. ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು, ಬಾಯಿ ಮಾತ್ರ ಬಿಗಿದಿತ್ತು. ತಮ್ಮ ಸೊಸೆಯ ಕಡೆ ತಿರುಗಿ ಹೇಳಿದರು: "ಅವಳಿಗೆ ಹೇಳು, ಅವಳ ವರ್ಷ ಮುಗಿದಿರಬಹುದು. ನನ್ನದು ಇನ್ನೂ ಬಾಕಿ ಇದೆ. ಸೂರ್ಯ ಮಧ್ಯದಲ್ಲಿ ರಜ ಹಾಕುವುದಿಲ್ಲ."

"ಅಯ್ಯೋ, ಬರೋ ಚಿತ್ತಿರೈ ಕಳೆದ್ರೆ ಊರೇ ಬಿಟ್ಟು ಹೋಗ್ತೀಯಲ್ಲೇ!" ಅಂದರು ಅತ್ತೆ.

ಪಾಟಿ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡರು. ಬಾಗಿಲು ಹಾಕಿದ ಮೇಲೆ ಒಳಗಿನಿಂದ ಅವರು ಕಾಗೆಗೆ ಹೇಳುವುದು ನಮಗೆ ಕೇಳಿಸಿತು. "ಈ ಸಲ ಬೆಲ್ಲ ಸರಿಯಾಗಿದೆ."

ಕಣ್ಣು ಮುಚ್ಚಿದವರು

ಚಿತ್ತಿರೈ ಮೊದಲ ದಿನಕ್ಕೆ ನಾನೇ ನಮ್ಮ ಮನೆಯಲ್ಲಿ ಕಣಿ ಇಟ್ಟೆ. ಪಾಟಿಯ ಮನೆಯ ಕಣಿ ಇಲ್ಲದಿದ್ದರೂ ಅತ್ತೆಗೆ ಮೊದಲ ನೋಟ ತಪ್ಪಬಾರದು ಅಂತ. ಬೆಳಗಾಗುವ ಹೊತ್ತಿಗೆ ಹೋಗಿ ಹಿಂದಿನಿಂದ ಎರಡು ಕೈಯಲ್ಲೂ ಅವರ ಕಣ್ಣು ಮುಚ್ಚಿದೆ. "ಬನ್ನಿ ಅತ್ತೆ, ಬಲಗಡೆ" ಅಂದೆ. ಅತ್ತೆ ಎಡಗಡೆ ತಿರುಗಿದರು. "ಅತ್ತೆ, ದೇವರ ಗೂಡು ಈ ಕಡೆ" ಅಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಅಡುಗೆಮನೆ ದಾಟಿ, ಹಿತ್ತಲು ದಾಟಿ, ಒಂದು ಕಡೆಯೂ ಎಡವದೆ ಗೋಡೆಯ ಸಣ್ಣ ಬಾಗಿಲಿಗೆ ಬಂದು ಅದನ್ನು ನೂಕಿದರು. ಕಾಲಿಗೆ ಅಭ್ಯಾಸವೋ, ಕಾಲಿಗೂ ಆಸೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ತಡೆಯಲಿಲ್ಲ. ಅವರ ಕಣ್ಣು ಮುಚ್ಚಿದ ನನ್ನ ಕೈಗೆ ತೇವ ತಗಲುತ್ತಿತ್ತು.

ಒಳಗೆ ದೀಪ ಉರಿಯುತ್ತಿತ್ತು. ಕಣಿಯ ಮುಂದೆ ಪಾಟಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ನಮ್ಮ ಅತ್ತೆ ಕೂರುವ ಎಂದಿನ ಮಣೆ ಖಾಲಿ ಇತ್ತು. ಸೊಸೆ "ಅತ್ತೆ, ಎಷ್ಟು ಹೊತ್ತು? ಕಣ್ಣು ಬಿಡಿ" ಅಂತ ಗೋಗರೆಯುತ್ತಿದ್ದಳು. ನಮ್ಮನ್ನು ನೋಡಿ ಅವಳು ಬಾಯಿಗೆ ಕೈ ಇಟ್ಟುಕೊಂಡಳು. ನಮ್ಮ ಅತ್ತೆ ಸದ್ದಿಲ್ಲದೆ ಬಂದು ಮಣೆಯ ಮೇಲೆ ಕೂತರು.

"ಬಾಗಿಲು ಸದ್ದಾಯಿತಲ್ಲ, ಯಾರು? ಬೆಕ್ಕಾ?" ಅಂದರು ಪಾಟಿ.

"ಹೂಂ ಅತ್ತೆ, ಬೆಕ್ಕು" ಅಂದಳು ಸೊಸೆ.

"ಸ್ವಲ್ಪ ಇರು. ಆ ಮನೆಯಲ್ಲಿ ಎದ್ದಿದ್ದಾರಾ ನೋಡು. ನಲವತ್ತು ವರ್ಷ ಅವಳ ಜೊತೆ ಕಣ್ಣು ಬಿಟ್ಟಿದ್ದೀನಿ, ಇವತ್ತು ಒಬ್ಬಳೇ ಹೇಗೆ ಬಿಡಲಿ? ಮೈಸೂರು ಅಂದುಬಿಟ್ಟೆ. ಈ ಬೀದಿ ಅವಳದ್ದು, ಬಂದವಳು ನಾನು. ಮದುವೆಯಾಗಿ ಬಂದ ದಿನ ಹಿತ್ತಲಿನಲ್ಲಿ ಅಳುತ್ತಾ ಕೂತಿದ್ದಾಗ ಗೋಡೆಯ ಮೇಲಿಂದ ಬಿಸಿ ಕಾಫಿ ನೀಡಿದವಳು ಅವಳು. ಏನು ಮಾತು ಅಂತ ತಿಳಿಯಲಿಲ್ಲ, ಕಾಫಿ ಮಾತ್ರ ತಿಳಿಯಿತು. ಕಿಣತ್ತುಕಡವಿಗೆ ಹೋಗುವುದರೊಳಗೆ ಆ ಹಟಮಾರಿ ಒಂದು ಸಲ ನನ್ನ ಬಾಯಲ್ಲಿ ಅಕ್ಕಾ ಅನ್ನಿಸಿಕೊಂಡರೆ ಸಾಕಾಗಿತ್ತು."

"ಹಟಮಾರಿ ಯಾರೇ?" ಅಂತ ಕೇಳಿತು ಬೆಕ್ಕು.

ಪಾಟಿ ಬೆಚ್ಚಿಬಿದ್ದರು. ಆದರೆ ಕಣ್ಣು ಬಿಡುವ ಹಾಗಿಲ್ಲ, ಮೊದಲ ನೋಟ ಕೆಡುತ್ತದೆ. ಮುಚ್ಚಿದ ಕಣ್ಣಿನಲ್ಲೇ ಕೈ ಚಾಚಿ ತಡಕಾಡಿದರು. ಅತ್ತೆಯ ಮೂಗು ಸಿಕ್ಕಿತು.

"ಅಕ್ಕಾ! ನೀನು ಯಾವಾಗ ಬಂದೆ?"

"ನೀನು ಹಟಮಾರಿ ಅನ್ನೋಕೆ ಮುಂಚೆನೇ ಬಂದೆ. ಮೂಗು ಬಿಡು. ಕಣ್ಣು ಬಿಡು."

"ನೀನು ದೊಡ್ಡವಳು, ನೀನು ಮೊದಲು ಬಿಡು."

"ಇದು ನಿನ್ನ ವರ್ಷ, ನೀನೇ ಬಿಡು."

"ಅದು ಹೇಗಾಗುತ್ತೆ? ಮನೆಗೆ ಬಂದವಳು ನೀನು."

"ಈಗ ತಾನೇ ಬೀದಿನೇ ನಂದು ಅಂದೆ!"

ಕೈ ಸೋತು ಬಂತು ನನಗೆ. ಕೊನೆಗೆ ನಾನು ಕೈ ತೆಗೆದೆ, ಆ ಸೊಸೆ "ಇಬ್ಬರೂ ಒಟ್ಟಿಗೆ!" ಅಂತ ಗದರಿದಳು. ಇಬ್ಬರೂ ಒಟ್ಟಿಗೆ ಕಣ್ಣು ಬಿಟ್ಟರು. ಹಣ್ಣಿನ ಹಿಂದೆ, ಕಕ್ಕೆ ಹೂವಿನ ನಡುವೆ, ಕನ್ನಡಿಯಲ್ಲಿ ಎರಡು ಮುಖ. ಎರಡರಲ್ಲೂ ನೀರು ಸುರಿಯುತ್ತಿತ್ತು. ನಾವು ಸೊಸೆಯರಿಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆವು.

ಮೊದಲು ಎಚ್ಚೆತ್ತವರು ಅತ್ತೆಯೇ. "ಕೆಟ್ಟಿತು! ವರ್ಷದ ಮೊದಲ್ನೇ ದಿನ ಈ ಮೂತಿ ನೋಡ್ಬಿಟ್ಟೆ. ಇನ್ನು ವರ್ಷವೆಲ್ಲ ದಿನಾ ಇದನ್ನೇ ನೋಡಬೇಕು."

"ಯಾವ ಮೂತಿ?" ಅಂದರು ಪಾಟಿ ಕನ್ನಡಿಯ ಕಡೆ ಬಗ್ಗಿ. "ಎಡಗಡೆಯದಾ, ಬಲಗಡೆಯದಾ?"

ಅಷ್ಟರಲ್ಲಿ ಪಾಟಿಯ ಮಗ ಕಣ್ಣುಜ್ಜಿಕೊಳ್ಳುತ್ತಾ ಬಂದ. ಪಾಟಿ ಗಂಭೀರವಾದರು. "ಲೇ, ಕಿಣತ್ತುಕಡವಿನ ಮನೆಗೆ ಬಾಡಿಗೆಯವರನ್ನ ನೋಡು. ನೀನು ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬಾ. ಮೊದಲ ದಿನ ಇವಳ ಮುಖ ನೋಡಿಬಿಟ್ಟೆ, ವರ್ಷವೆಲ್ಲ ನೋಡಲೇಬೇಕು. ಶಾಸ್ತ್ರ." ಅದು ನಮ್ಮ ಅತ್ತೆಯ ಶಾಸ್ತ್ರ ಅನ್ನುವುದು ಅವರಿಗೆ ಆ ಹೊತ್ತಿನಲ್ಲಿ ಜ್ಞಾಪಕವಿರಲಿಲ್ಲ. ಸೊಸೆ ನನ್ನ ಕೈ ಹಿಸುಕಿದಳು.

ಮಗ ಪಾಪ, ಅಮ್ಮನ ಮುಖ ನೋಡಿದ, ನಮ್ಮ ಅತ್ತೆಯ ಮುಖ ನೋಡಿದ, ಸೋತು ನಕ್ಕುಬಿಟ್ಟ. "ಸರಿಯಮ್ಮಾ, ಒಂದು ವರ್ಷ ತಾನೆ? ಇರೋಣ. ಆದರೆ ಒಂದು ಹೇಳಿಬಿಡಿ, ಯಾರ ವರ್ಷ? ಯುಗಾದಿಗೆ ಮುಗಿಯುತ್ತಾ, ಚಿತ್ತಿರೈಗೆ ಮುಗಿಯುತ್ತಾ?"

ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಬಾಯೂ ಒಟ್ಟಿಗೆ ತೆರೆಯಿತು, ಒಟ್ಟಿಗೆ ಮುಚ್ಚಿತು.

"ಇವತ್ತು ಬೇಡ, ಮೊದಲ್ನೇ ದಿನ" ಅಂದರು ಅತ್ತೆ. "ನಾಳೆ ಜಗಳ ಆಡಿ ಹೇಳ್ತೀವಿ."